ಅಮ್ಮನ ತಂಡದ ಗಂಜಿ, ಮೀನು

ಟಿ.ವಿ.ಯಲ್ಲಿ ನಿಲ್ಲಿಸಿದ ಚಿತ್ರದಲ್ಲಿ ಆ ದಪ್ಪ ಹುಡುಗನ ಬೆರಳ ಗಿಣ್ಣುಗಳು ಬಿಳಿಚಿಕೊಂಡಿದ್ದವು. ಬಗ್ಗಿ, ಬಲಗೈಯನ್ನು ಹುಲ್ಲಿಗೆ ಊರಿ ನಿಂತಿದ್ದ. ಮೈಯ ಭಾರವೆಲ್ಲ ಆ ಬೆರಳುಗಳ ಮೇಲೆ ಬಿದ್ದಿತ್ತು.

"ಇವ ಈಗ ಮುಂದೆ ನುಗ್ಗುತ್ತಾನೆ ನೋಡು," ಅಂದಳು ಅಮ್ಮ, ಮಡಿಲಲ್ಲಿದ್ದ ಅಲಸಂಡೆ ಮುರಿಯುತ್ತಾ. "ಅಂದ್ರೆ ಓಟವೇ. ಎಸೆಯುವುದಾದ್ರೆ ಇವ ಹಿಂದೆ ಸರೀಬೇಕಲ್ಲ, ಕೈ ಮೇಲೆ ಇಷ್ಟು ಭಾರ ಯಾಕೆ ಹಾಕ್ತಾನೆ?"

ನಾನು ರಿಮೋಟಿನ ಗುಂಡಿ ಒತ್ತಿದೆ. ಹುಡುಗ ಎದುರಿನವನನ್ನು ನೂಕಿದ. ಹಿಂದಿನಿಂದ ಬಂದವನು ಚೆಂಡನ್ನು ಕಂಕುಳಲ್ಲಿ ಅವಚಿಕೊಂಡು ಆ ಸಂದಿಯಲ್ಲಿ ನುಸುಳಿದ. ಅಮ್ಮ ತಲೆ ಎತ್ತಲೂ ಇಲ್ಲ.

ನಮ್ಮ ಭಾನುವಾರದ ಸಂಜೆಗಳು ಹೀಗಿರುತ್ತಿದ್ದವು. ಅಮೆರಿಕದ ಕಾಲೇಜು ತಂಡಗಳು ಅಲ್ಲಿಯ ಫುಟ್‌ಬಾಲನ್ನು, ಚೆಂಡನ್ನು ಕೈಯಲ್ಲಿ ಹಿಡಿದು ಆಡುವ ಆಟವನ್ನು, ಶನಿವಾರ ಆಡುತ್ತವೆ. ಆಗ ಸೌದಿಯ ದಹ್ರಾನಿನಲ್ಲಿ ನಾವು ಮಲಗಿರುತ್ತೇವೆ. ಭಾನುವಾರ ಆಫೀಸಿನಿಂದ ಬಂದ ಮೇಲೆ ನಾನು ರೆಕಾರ್ಡಿಂಗ್ ಹಾಕುತ್ತಿದ್ದೆ. ಅಮೆರಿಕದಲ್ಲಿ ಸಂಖ್ಯಾಶಾಸ್ತ್ರ ಓದುತ್ತಿದ್ದಾಗ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ವಿಡಿಯೋ ಕೋಣೆಯಲ್ಲಿ ಕೆಲಸ ಮಾಡಿದ್ದೆ. ಪ್ರತಿ ಆಟದ ತುಣುಕನ್ನೂ ನೋಡಿ ಅದು ಓಟವೋ ಎಸೆತವೋ ಎಂದು ಗುರುತು ಹಾಕುವುದು, ಎಷ್ಟು ಗಜ ಸಿಕ್ಕಿತೆಂದು ಬರೆಯುವುದು. ಕಿಟಕಿಯಿಲ್ಲದ ಕೋಣೆ. ಯಾರೊಡನೆಯೂ ಹೆಚ್ಚು ಮಾತಾಡಬೇಕಿರಲಿಲ್ಲ. ನನಗೆ ಅದು ತುಂಬಾ ಇಷ್ಟವಾಗಿತ್ತು. ಬೆರಳ ಮೇಲಿನ ಭಾರದ ವಿಷಯವನ್ನು ಅಲ್ಲಿ ಮೊದಲ ವಾರದಲ್ಲೇ ಹೇಳಿಕೊಟ್ಟಿದ್ದರು. ಅಮ್ಮನಿಗೆ ಮಾತ್ರ ನಾನು ಹೇಳಿರಲಿಲ್ಲ. ಅವಳು ಮದುವೆಗೆ ಮುಂಚೆ ಕುಂದಾಪುರದ ಬಳಿಯ ಹೈಸ್ಕೂಲೊಂದರಲ್ಲಿ ಪಿ.ಟಿ. ಟೀಚರ್ ಆಗಿದ್ದವಳು. ಮೈ ಎತ್ತ ವಾಲುತ್ತದೆಂಬುದನ್ನು ಅವಳ ಕಣ್ಣು ತಾನಾಗಿಯೇ ಹುಡುಕುತ್ತದೆ.

ಆಟದ ನಿಯಮವನ್ನು ಅವಳಿಗೆ ಒಂದೇ ಸಂಜೆಯಲ್ಲಿ ಹೇಳಿ ಮುಗಿಸಿದ್ದೆ. ಚೆಂಡು ನಮ್ಮಲ್ಲಿದ್ದಾಗ ನಾಲ್ಕು ಅವಕಾಶ. ಅಷ್ಟರಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಅವಕಾಶ, ಹೀಗೇ ಕೊನೆಯ ಗೆರೆ ದಾಟಿದರೆ ಅಂಕ. ಚೆಂಡನ್ನು ಹಿಡಿದು ಓಡಬಹುದು, ಇಲ್ಲವೇ ಒಮ್ಮೆ ಮುಂದಕ್ಕೆ ಎಸೆಯಬಹುದು. ಬರೀ ಓಡಿದರೆ ಎದುರಿನವರು ಹತ್ತಿರ ಬಂದು ಗುಂಪಾಗಿ ನಿಲ್ಲುತ್ತಾರೆ. ಬರೀ ಎಸೆದರೆ ದೂರ ಸರಿದು ಕಾಯುತ್ತಾರೆ.

"ಗಂಜಿ, ಮೀನು," ಅಂದಿದ್ದಳು ಅಮ್ಮ. "ಓಟ ಅಂದ್ರೆ ಗಂಜಿ. ರುಚಿ ಹೆಚ್ಚಿಲ್ಲ, ಆದ್ರೆ ಹೊಟ್ಟೆಗೆ ಆಗ್ತದೆ. ಎಸೆತ ಅಂದ್ರೆ ಮೀನು. ಸಿಕ್ಕಿದ್ರೆ ಹಬ್ಬ."

"ಎಸೆದದ್ದು ಎದುರಿನವರ ಕೈಗೆ ಸಿಕ್ಕಿದ್ರೆ?"

"ಬೆಕ್ಕು ತಿಂದ ಹಾಗೆ ಆಯ್ತು."

ನಾವಿದ್ದ ವಸತಿ ಕಂಪೌಂಡಿನಲ್ಲಿ ಹೆಂಗಸರ ಫ್ಲ್ಯಾಗ್ ಫುಟ್‌ಬಾಲ್ ಶುರುವಾದದ್ದು ಆ ವರ್ಷವೇ. ಅದೇ ಆಟದ ಮೆದು ರೂಪ, ತಂಡಕ್ಕೆ ಐದೇ ಜನ. ಮೈಮೇಲೆ ಬೀಳುವಂತಿಲ್ಲ, ಸೊಂಟದ ಎರಡೂ ಬದಿ ಬಟ್ಟೆಯ ಪಟ್ಟಿ ತೂಗುಬಿಟ್ಟಿರುತ್ತಾರೆ, ಅದನ್ನು ಎಳೆದರೆ ಸಾಕು, ಓಡುವವಳು ನಿಲ್ಲಬೇಕು. ಹತ್ತು ಗಜದ ಬದಲು ನಡುಗೆರೆ ದಾಟಬೇಕು. ಕಂಪೌಂಡಿನ ನಮ್ಮ ಕಡೆಯ ಹೆಂಗಸರು ಮಂಗಳವಾರ ಸಂಜೆ ತ್ರೋಬಾಲ್ ಆಡುತ್ತಿದ್ದರು. ಇವರೇ ಒಂದು ತಂಡ ಕಟ್ಟಿ, ಅಮ್ಮನನ್ನು ಕೋಚ್ ಮಾಡಿಕೊಂಡರು. ಕೇಳಲು ಬಂದವರ ಮುಂದೆ ಅವಳು "ನೋಡುವಾ" ಅಂದಳು. ಅವರು ಹೋದ ಮೇಲೆ ಅಡುಗೆಮನೆಯಲ್ಲಿ ಯಾವುದೋ ಹಳೆಯ ಡ್ರಿಲ್ಲಿನ ಲೆಕ್ಕ ಗುನುಗುತ್ತಿದ್ದಳು. ಈ ಊರಿಗೆ ಬಂದಂದಿನಿಂದ ಅವಳಿಗೆ ಒಬ್ಬ ವಿದ್ಯಾರ್ಥಿಯೂ ಇರಲಿಲ್ಲ.

ಆದರೆ ಅಪ್ಪನ ನಿವೃತ್ತಿ ಹತ್ತಿರ ಬಂದಿತ್ತು. ರಾಸ್ ತನೂರಾದ ರಿಫೈನರಿಯ ಕೆಲಸ ಮುಗಿದ ಕೂಡಲೇ ಫೈನಲ್ ಎಕ್ಸಿಟ್, ಮತ್ತೆ ಮರಳದ ಹಾಗೆ ಇಬ್ಬರೂ ಊರಿಗೆ. ನನ್ನ ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ನನ್ನ ಸ್ವಂತ ಕೆಲಸದ್ದು, ನಾನು ಇಲ್ಲೇ. ಅಮ್ಮ ಸಾಮಾನು ಕಟ್ಟುವ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ. ಅವಳಿಗಿದ್ದದ್ದು ಒಂದೇ ಚಿಂತೆ.

"ನಾನು ಹೋದ ಮೇಲೆ ಇವರನ್ನು ಯಾರು ಅಂಗಳಕ್ಕೆ ಇಳಿಸುವುದು? ಒಂದು ವಾರ ತಪ್ಪಿದ್ರೆ ಎಲ್ಲ ಮನೆಯೊಳಗೇ ಉಳೀತಾರೆ. ನೀನು ನೋಡ್ಕೊಳ್ತೀಯಾ?"

"ಆಟ ಮುಗಿದ ಮೇಲೆ ಎಲ್ಲಿ ತಪ್ಪಾಯ್ತು ಅಂತ ಹೇಳಬಲ್ಲೆ ಅಮ್ಮ. ಅಷ್ಟು ಜನರ ಮುಂದೆ ನಿಂತು ಕೂಗುವುದು ನನ್ನಿಂದಾಗದು."

ಅವಳು ಒತ್ತಾಯ ಮಾಡಲಿಲ್ಲ. ಮಾಡಿದ್ದರೆ ಬೇಡವೆನ್ನುವುದು ಸುಲಭವಾಗುತ್ತಿತ್ತು.

ಮೊದಲ ಪಂದ್ಯ ಈಗ ನೆನೆದರೂ ನಗು ಬರುತ್ತದೆ. ನಮ್ಮಲ್ಲಿ ಎಸೆಯುವವರು ಭಟ್ಕಳದ ಭಾಬಿ. ಪಕ್ಕದ ಊರು ಖೋಬರಿನಲ್ಲಿ ಅವರ ಮನೆಯವರದ್ದು ಬಟ್ಟೆಯಂಗಡಿ. ಉದ್ದ ತೋಳಿನ ಟ್ರ್ಯಾಕ್‌ಸೂಟು, ಬಿಗಿಯಾಗಿ ಕಟ್ಟಿದ ಹಿಜಾಬು. ಅವರು ಎಸೆದರೆ ಚೆಂಡು ಹೇಳಿದ ಜಾಗಕ್ಕೇ ಹೋಗಿ ಇಳಿಯುತ್ತಿತ್ತು. ಹಿಡಿಯುವವರ ಕೈಯೂ ಗಟ್ಟಿಯೇ. ಭಾಬಿ ಎಸೆದರು, ಕಾರ್ಕಳದ ಸಿಸ್ಟರ್ ಹಿಡಿದರು. ಎದುರಿಗೆ ಖಾಲಿ ಅಂಗಳ. ಅವರು ಓಡಲಿಲ್ಲ. ಹಿಡಿದ ಕ್ಷಣದಲ್ಲೇ ಚೆಂಡನ್ನು ಮುಂದಿದ್ದವಳತ್ತ ಎಸೆದುಬಿಟ್ಟರು. ಅವಳೂ ಹಿಡಿದು ಇನ್ನೊಬ್ಬಳತ್ತ ಎಸೆದಳು. ರೆಫರಿ ಹೆಂಗಸು ಸೀಟಿ ಊದುವುದನ್ನೂ ಮರೆತು ನೋಡುತ್ತಾ ನಿಂತಳು.

ತ್ರೋಬಾಲಿನಲ್ಲಿ ಹಿಡಿದ ಚೆಂಡನ್ನು ಕೈಯಲ್ಲಿ ಇಟ್ಟುಕೊಳ್ಳುವಂತಿಲ್ಲ, ಕೂಡಲೇ ಎಸೆಯಬೇಕು. ಶಾಲೆಯ ಕಾಲದಿಂದ ಕೈಗೆ ಹತ್ತಿದ ಅಭ್ಯಾಸ. ಈ ಆಟದಲ್ಲಿ ಅದು ತಪ್ಪು. ಎಷ್ಟು ಸಲ ದಂಡ ಬಿದ್ದರೂ ಇವರ ಕೈ ಕೇಳಲಿಲ್ಲ. ಸೋತೆವು.

"ಸಿಸ್ಟರ್, ಅದೆಂತ ಬಿಸಿ ಬಾಣಲೆಯಾ? ಹಿಡಿದ ಕೂಡ್ಲೇ ಬಿಡ್ಲಿಕ್ಕೆ?" ಅಂದರು ಭಾಬಿ.

"ನನಗೆ ಗೊತ್ತುಂಟು ಮಾರಾಯ್ತಿ, ಕೈಗೆ ಗೊತ್ತಿಲ್ಲ!"

ಸಿಸ್ಟರ್ ಆಸ್ಪತ್ರೆಯಲ್ಲಿ ನರ್ಸು. ಹಾಗಾಗಿ ಎಲ್ಲರಿಗೂ ಸಿಸ್ಟರ್. ಓಟದಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಮುಂದಿನ ಮಂಗಳವಾರ ಅಮ್ಮ ಎಸೆಯುವುದನ್ನೇ ನಿಲ್ಲಿಸಿಬಿಟ್ಟಳು. ಚೆಂಡು ಕೈಗೆ ಕೊಡುವುದು, ಅವಚಿಕೊಳ್ಳುವುದು, ಓಡುವುದು. ಸಿಸ್ಟರ್ ಚಿಕ್ಕಂದಿನಲ್ಲಿ ಕಬಡ್ಡಿ ಆಡಿದವರು. ಒಮ್ಮೆ ಇಬ್ಬರನ್ನು ತಪ್ಪಿಸಿ ಮುಂದೆ ಹೋದವರು ಗಕ್ಕನೆ ತಿರುಗಿದರು.

"ವಾಪಸ್ ಬರ್ಬೇಡ ಮಾರಾಯ್ತಿ!" ಅಮ್ಮ ಕಿರುಚಿದಳು. "ಆ ಕಡೆಯೇ ಮನೆ, ಆ ಕಡೆಯೇ!"

ಎರಡನೆಯ ಪಂದ್ಯದಲ್ಲಿ ಅಮ್ಮ ಬರೀ ಗಂಜಿಯೇ ಬಡಿಸಿದಳು. ಮೊದಮೊದಲು ಚೆನ್ನಾಗಿಯೇ ನಡೆಯಿತು. ಆಮೇಲೆ ಎದುರಿನವರು ಐದೂ ಜನ ಮುಂದೆ ಬಂದು ಸಾಲಾಗಿ ನಿಂತರು. ಸಿಸ್ಟರ್ ಎತ್ತ ಹೊರಟರೂ ಒಂದು ಕೈ ಸೊಂಟದ ಪಟ್ಟಿ ಎಳೆಯುತ್ತಿತ್ತು. ಮತ್ತೆ ಸೋತೆವು.

ಆ ಸಂಜೆ ಮನೆಗೆ ನಡೆದು ಬರುವಾಗ ನಾನು ಹೇಳಿದೆ. "ಅವರ ಬೆನ್ನ ಹಿಂದೆ ಇಡೀ ಅಂಗಳ ಖಾಲಿ ಇತ್ತು ಅಮ್ಮ. ಓಡಿ ಓಡಿ ಅವರನ್ನು ಹತ್ತಿರ ಕರೆಸಿಕೊಂಡೆವು. ಆಗ ಎಸೆಯಬೇಕಿತ್ತು."

"ಎಸೆದ್ರೆ ಇವರು ಮತ್ತೆ ಹಿಡಿದು ಬಿಸಾಡ್ತಾರೆ. ಎಲ್ಲ ನಗ್ತಾರೆ."

"ಈಗ ಬಿಸಾಡುವುದಿಲ್ಲ. ಓಡಲು ಕಲಿತಿದ್ದಾರೆ, ನೀನೇ ಕಲಿಸಿದ್ದು. ಅಲ್ಲಿ ನಮ್ಮ ಕಾಲೇಜು ತಂಡದಲ್ಲೂ ಓಟ, ಎಸೆತ ಎರಡನ್ನೂ ಸಮ ಮಾಡ್ಬೇಕು ಅಂತ ಲೆಕ್ಕ ಇಡ್ತಿರಲಿಲ್ಲ. ಎರಡರ ಆರಂಭವೂ ಒಂದೇ ಥರ ಕಾಣ್ಬೇಕು ಅಂತ ನೋಡ್ತಿದ್ದರು. ಚೆಂಡು ಓಡುವವಳಿಗೆ ಕೊಡುವ ಹಾಗೆ ಮಾಡಿ ಕೊಡದೆ, ಆಮೇಲೆ ಎಸೆಯುವುದು."

"ಗಂಜಿ ತೋರಿಸಿ ಮೀನು," ಅಂದಳು ಅಮ್ಮ. "ಇದನ್ನು ಮಂಗಳವಾರ ನೀನೇ ಅವರಿಗೆ ಹೇಳು."

ಹೇಳಿದೆ. ಮೆಲ್ಲಗೆ, ಒಬ್ಬೊಬ್ಬರ ಹತ್ತಿರ ಹೋಗಿ. ತೊಡಕು ಬಂದದ್ದು ಭಾಬಿಯಿಂದ. ಚೆಂಡನ್ನು ಸಿಸ್ಟರಿಗೆ ಕೊಟ್ಟಂತೆ ಮಾಡುವಾಗ ಅವರಿಗೆ ನಗು ಉಕ್ಕಿ ಬರುತ್ತಿತ್ತು. ದೂರದಿಂದಲೇ ಸುಳ್ಳು ಗೊತ್ತಾಗುತ್ತಿತ್ತು.

"ನನಗೆ ಸುಳ್ಳು ಬರುದಿಲ್ಲ ಟೀಚರ್, ಎಂತ ಮಾಡುದು?" ಅಂದರು ಅಮ್ಮನಿಗೆ.

"ಹೌದಾ?" ಅಂದರು ಸಿಸ್ಟರ್. "ನಿಮ್ಮ ಅತ್ತೆಯ ಬಿರಿಯಾನಿ ಫಸ್ಟ್ ಕ್ಲಾಸ್ ಆಗ್ತದೆ ಅಂತ ಇಷ್ಟು ವರ್ಷ ಹೇಳ್ತಾ ಬಂದದ್ದು ಯಾರು? ಆ ಮುಖ ಇಟ್ಕೊಳ್ಳಿ ಸಾಕು."

ಭಾಬಿ ಚೆಂಡಿನಿಂದ ಅವರ ಬೆನ್ನಿಗೆ ಹೊಡೆದರು. ಆಮೇಲೆ ಆ ಮುಖ ಇಟ್ಟುಕೊಂಡರು. ನಿಜಕ್ಕೂ ಅದ್ಭುತವಾದ ಮುಖ. ನಾನೂ ಮೋಸಹೋದೆ.

ಕೊನೆಯ ಪಂದ್ಯ ಶುಕ್ರವಾರ ಸಂಜೆ. ಬಿಸಿಲು ಇಳಿದು ಗಾಳಿ ತಣ್ಣಗಾಗಿತ್ತು. ಅಪ್ಪ ಮಡಚುವ ಕುರ್ಚಿ, ಫ್ಲಾಸ್ಕು ಹಿಡಿದು ಬಂದು ಅಂಗಳದ ಆಚೆ ತುದಿಯಲ್ಲಿ ಕುಳಿತಿದ್ದರು. ಆಟ ಶುರುವಾಗುವ ಮೊದಲು ಅಮ್ಮ ತಂಡದವರನ್ನು ಒಮ್ಮೆ ನೋಡಿದಳು, ನನ್ನನ್ನು ನೋಡಿದಳು. "ನನ್ನ ಕಾಲು ನೋಯ್ತದೆ," ಎಂದು ಹೇಳಿ, ಸ್ವಲ್ಪವೂ ಕುಂಟದೆ, ಇಡೀ ಅಂಗಳ ಸುತ್ತಿಕೊಂಡು ಹೋಗಿ ಅಪ್ಪನ ಪಕ್ಕದಲ್ಲಿ ಕುಳಿತುಬಿಟ್ಟಳು. ಕೂಗಿದರೂ ಕೇಳಿಸದಷ್ಟು ದೂರ.

ಭಾಬಿ ನನ್ನತ್ತ ತಿರುಗಿದರು. "ತಂಗೀ, ಎಂತ ಮಾಡುದು?"

"ಗಂಜಿ," ಅಂದೆ.

"ಎಂತ? ಕೇಳುದಿಲ್ಲ! ಜೋರು ಹೇಳು!"

"ಗಂಜಿ!"

ನನ್ನ ದನಿ ಅಷ್ಟು ದೊಡ್ಡದೆಂದು ನನಗೆ ಗೊತ್ತಿರಲಿಲ್ಲ. ಎದುರು ತಂಡದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲಿ ಕನ್ನಡ ಬಲ್ಲವರು ಯಾರೂ ಇರಲಿಲ್ಲ. ಸಿಸ್ಟರ್ ಓಡಿದರು. ಮತ್ತೆ ಗಂಜಿ. ಮತ್ತೊಮ್ಮೆ. ನಡುವಿನಲ್ಲಿ ನಿಂತಿದ್ದ ಎತ್ತರದ ಹೆಂಗಸಿನ ಮೇಲೆಯೇ ನನ್ನ ಕಣ್ಣಿತ್ತು. ಪ್ರತಿ ಸಲವೂ ಅವಳು ಸ್ವಲ್ಪ ಸ್ವಲ್ಪ ಮುಂದೆ ಬರುತ್ತಿದ್ದಳು. ಅವಳ ಹಿಮ್ಮಡಿ ನೆಲದಿಂದ ಎದ್ದದ್ದು ಕಂಡಿತು.

"ಗಂಜಿ ತೋರಿಸಿ ಮೀನು!"

ಭಾಬಿ ಅತ್ತೆಯ ಬಿರಿಯಾನಿಯ ಮುಖ ಮಾಡಿದರು. ಸಿಸ್ಟರ್ ಖಾಲಿ ಕೈಗಳನ್ನು ಹೊಟ್ಟೆಗೆ ಅವಚಿಕೊಂಡು ಬಲಕ್ಕೆ ಓಡಿದರು. ಎದುರು ತಂಡ ಅವರ ಹಿಂದೆ ಹೋಯಿತು. ಚೆಂಡು ಎಡಗಡೆ, ಯಾರೂ ಇಲ್ಲದ ಜಾಗದಲ್ಲಿ, ತಂಡದಲ್ಲೇ ಚಿಕ್ಕವಳ ಕೈಗೆ ಇಳಿಯಿತು. ಅವಳ ಕೈ ಒಮ್ಮೆ ಎಸೆಯಲು ಎದ್ದಿತು. ಆಮೇಲೆ ಅವಳು ಚೆಂಡನ್ನು ಎದೆಗೆ ಒತ್ತಿಕೊಂಡು ಕೊನೆಯ ಗೆರೆ ದಾಟುವವರೆಗೂ ಓಡಿದಳು.

"ಯಲ್ಲಾ! ಯಲ್ಲಾ! ಓಡು!" ಭಾಬಿ ಕುಣಿಯುತ್ತಿದ್ದರು.

ಪಂದ್ಯ ಗೆಲ್ಲಲಿಲ್ಲ. ಕೊನೆಯ ಅವಕಾಶದಲ್ಲಿ ಗೆರೆ ಹತ್ತಿರವೇ ಇತ್ತು. ನಾನು ಗಂಜಿ ಕೂಗಿದೆ, ಸಿಸ್ಟರ್ ತಿರುಗುವಾಗ ಜಾರಿ ಬಿದ್ದರು. ಒಂದೇ ಅಂಕದಲ್ಲಿ ಸೋತೆವು. ಹುಲ್ಲಿನ ಮೇಲೆ ಕುಳಿತೇ ಸಿಸ್ಟರ್ ತಮ್ಮ ಬೂಟಿಗೆ ತುಳುವಿನಲ್ಲಿ ಬೈದರು. ಭಾಬಿ ತಂದಿದ್ದ ಖರ್ಜೂರದ ಡಬ್ಬಿ ಎದುರು ತಂಡದವರೆಗೂ ಸುತ್ತಿ ಬಂತು.

ಮನೆಗೆ ಬರುವಾಗ ಅಪ್ಪ ಕೇಳಿದರು. "ನಾವು ಗೆದ್ದದ್ದಾ, ಸೋತದ್ದಾ? ಎಲ್ಲ ನಗ್ತಾ ಇದ್ದೀರಿ, ಅದಕ್ಕೆ ಕೇಳಿದೆ."

"ಸೋತದ್ದು," ಅಂದಳು ಅಮ್ಮ. "ಕೊನೆಯದ್ದು ಮೀನು ಕೊಡ್ಬೇಕಿತ್ತು."

"ಇಲ್ಲ," ಅಂದೆ. "ಅಷ್ಟು ಹತ್ತಿರದಲ್ಲಿ ಅವರು ಎಸೆತಕ್ಕೇ ಕಾದು ನಿಂತಿದ್ದರು. ಓಟವೇ ಸರಿ. ಸಿಸ್ಟರ್ ಜಾರಿದ್ದಕ್ಕೆ ನಾನೇನು ಮಾಡಲಿ? ಆ ತಿರುವನ್ನು ಇನ್ನೂ ಅಭ್ಯಾಸ ಮಾಡಿಸಬೇಕು."

"ಯಾರು ಮಾಡಿಸುವುದು?" ಅಂದಳು ಅಮ್ಮ.

ಅಪ್ಪನ ಕೈಯಿಂದ ಫ್ಲಾಸ್ಕು ತೆಗೆದುಕೊಂಡು, ಅದರಲ್ಲಿ ಚಹಾ ಉಳಿದಿದೆಯೇ ಎಂದು ಕುಲುಕಿ ನೋಡಿದಳು.

ಮರುದಿನ ರಜೆ. ಬೆಳಿಗ್ಗೆ ಅಮ್ಮ ಸ್ನಾನಕ್ಕೆ ಹೋಗಿದ್ದಾಗ ಫೋನು ತೆಗೆದು ತಂಡದ ಗುಂಪಿಗೆ ಒಂದು ಸಾಲು ಹಾಕಿದೆ: ಮಂಗಳವಾರ ಸಂಜೆ ಅಭ್ಯಾಸ ಉಂಟು, ಎಲ್ಲರೂ ಬನ್ನಿ. ಭಾಬಿಯ ಉತ್ತರ ಕೂಡಲೇ ಬಂತು. ಯಾರು ಹೇಳಿದ್ದು, ಟೀಚರಾ?

ನಾನು, ಎಂದು ಬರೆದೆ.