ರೂತಕ್ಕನ ಸಾಕ್ಷಿ, ನನ್ನ ಅರ್ಧ ಮಾತು

ರೂತಕ್ಕಾ, ಅಂದು ಸಭೆಯ ಮುಂದೆ ನಾನು ಸುಳ್ಳು ಹೇಳಲಿಲ್ಲ. ನಿಜವನ್ನೇ ಅರ್ಧ ಹೇಳಿ ನಿನ್ನನ್ನು ಸುಳ್ಳುಗಾತಿ ಮಾಡಿದೆ. ಹೊಟ್ಟೆಕಿಚ್ಚಿನಿಂದ ಮಾಡಿದೆ — ಇದಕ್ಕೆ ಬೇರೆ ಹೆಸರಿಲ್ಲ.

ಎಂಬತ್ತರ ದಶಕದ ಕೊನೆಯಲ್ಲಿ, ಹಾರೂಗೇರಿ ಹತ್ತಿರದ ನಮ್ಮ ಪುಟ್ಟ ಚರ್ಚಿನಲ್ಲಿ ಹೆಂಗಸರಿಗೆ ಸುವಾರ್ತೆಯ ಪಾಠ ಹೇಳುತ್ತಿದ್ದವಳು ನೀನು. ನಿನಗಿಂತ ಹೆಚ್ಚು ಓದಿದವಳು ನಾನು, ಆದರೂ ಚಾಪೆ ಹಾಸುವುದಷ್ಟೇ ನನ್ನ ಪಾಲಿಗೆ. ಒಮ್ಮೆ ಯಾರೋ ಕೇಳಿದರು — ಯೇಸು ಸತ್ತ ಮೂರನೆಯ ದಿನ ನಸುಕಿನಲ್ಲಿ ಹೋದ ಹೆಂಗಸರು ಅವನ ಬರಿದಾದ ಗೋರಿಯಲ್ಲಿ ಕಂಡದ್ದು ಒಬ್ಬ ದೇವದೂತನನ್ನೋ, ಇಬ್ಬರನ್ನೋ? ಒಂದು ಸುವಾರ್ತೆಯಲ್ಲಿ ಒಬ್ಬ, ಇನ್ನೊಂದರಲ್ಲಿ ಇಬ್ಬರು; ಯಾವುದನ್ನು ನಂಬಬೇಕು? ನೀನು ನಕ್ಕೆ.

"ಕಣ್ಣಾರೆ ಕಂಡವರ ಮಾತು ಹಂಗ ಇರ್ತೈತ್ರಿ. ಎಲ್ಲಾರೂ ಒಂದ ಥರಾ ಹೇಳಿದ್ರ, ಯಾರೋ ಕುಂಡ್ರಿಸಿ ಕಲಿಸ್ಯಾರ ಅಂತ ತಿಳೀರಿ. ಆಗಿನ ಕಾಲದಾಗ ಹೆಂಗಸರ ಸಾಕ್ಷಿ ಯಾರು ನಂಬ್ತಿದ್ರು? ಕಥಿ ಕಟ್ಟೋರಾಗಿದ್ರ ಗಂಡಸರನ್ನ ನಿಲ್ಲಿಸ್ತಿದ್ರು."

ಪಾದ್ರಿಗಳಾದ ಸಭಾಪಾಲಕರು ಬಾಗಿಲಲ್ಲೇ ನಿಂತು ತಲೆದೂಗಿದರು. ನನಗೆ ಮೈಯೆಲ್ಲ ಉರಿಯಿತು. ಆ ಮಾತು ನನಗೇಕೆ ಹೊಳೆಯಲಿಲ್ಲ? ಹೊಳೆದಿದ್ದರೂ ನನ್ನನ್ನು ಯಾರು ಕೇಳುತ್ತಿದ್ದರು —

ಮುಂದಿನ ಈಸ್ಟರಿನ ನಸುಕಿನಲ್ಲಿ ನಾವಿಬ್ಬರೂ ಗೋರಿಗಳಿಗೆ ಹೂವಿಡಲು ಹೋದೆವು. ಚರ್ಚಿನ ಸಭೆಯ ಮುಖ್ಯಸ್ಥರಾದ ಹಿರಿಯರ ಮಗ ಟ್ರ್ಯಾಕ್ಟರ್ ತಂದು, ಸ್ಮಶಾನದ ಅಂಚನ್ನು ತಮ್ಮ ಕಬ್ಬಿನ ಹೊಲಕ್ಕೆ ಸೇರಿಸಿಕೊಂಡು ಉಳುತ್ತಿದ್ದ. ನಿನ್ನ ಅವ್ವನ ಗೋರಿಯ ಕಲ್ಲು ನೇಗಿಲಿಗೆ ಸಿಕ್ಕಿ ಮಗುಚಿತು. ನೀನು ಕೂಗಿಕೊಂಡು ಓಡಿದೆ. ನಾನೂ ಕಂಡೆ, ರೂತಕ್ಕಾ — ಅವನ ಮುಖ ಸಮೇತ.

ಆ ವಾರ ಸಭೆ ಕೂಡಿತು. ಟ್ರ್ಯಾಕ್ಟರಿನ ಮೇಲೆ ಇಬ್ಬರಿದ್ದರು, ಅವರಲ್ಲೊಬ್ಬ ಹಿರಿಯರ ಮಗ ಎಂದು ನೀನು ಹೇಳಿದೆ. ನಾನು ಕಂಡದ್ದು ಅವನೊಬ್ಬನನ್ನೇ. ಇನ್ನೊಬ್ಬನನ್ನು ನೀನು ಕಂಡಿರಲೂಬಹುದು. ಹಿರಿಯರು ನನ್ನತ್ತ ತಿರುಗಿದರು.

"ನೀ ಹೇಳವ್ವಾ ಶಾಂತಾ, ಇಬ್ಬರು ಇದ್ರೇನು?"

"ಇಬ್ಬರಂತೂ ಇರಲಿಲ್ರಿ."

ಅಷ್ಟಕ್ಕೇ ನಿಲ್ಲಿಸಿದೆ. ಒಬ್ಬನಿದ್ದ ಎಂಬ ಮಾತು ತುಟಿಯವರೆಗೆ ಬಂದಿತ್ತು — ನಿನ್ನ ಮುಖ ಬಾಡುವುದನ್ನು ನೋಡುವ ಆಸೆ ಅದನ್ನು ನುಂಗಿಸಿತು. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಸುಮ್ಮ ಹೇಳ್ಯಾರೇನು?" ಎಂದು ಹಿರಿಯರು ನಕ್ಕರು, ಜನ ಅವರೊಂದಿಗೆ ನಕ್ಕರು. ಇಬ್ಬರಿದ್ದರೆಂಬುದು ಸುಳ್ಳಾದರೆ ಮಗನಿದ್ದನೆಂಬುದೂ ಸುಳ್ಳೇ, ಸುಳ್ಳುಸಾಕ್ಷಿ ಹೇಳಿದವಳು ಪಾಠ ಹೇಳಬಾರದೆಂದು ತೀರ್ಮಾನವಾಯಿತು. ಪಾಠ ಹೇಳುವ ಕೆಲಸ ನನಗೆ ಬಂತು. ನಿನ್ನ ಅವ್ವ ಮಲಗಿದ್ದ ಜಾಗದಲ್ಲಿ ಕಬ್ಬು ಎದ್ದಿತು.

ಸಂತೋಷವಾಯಿತೇ ಎಂದರೆ — ಆಯಿತು. ಆ ವರ್ಷವಿಡೀ ಆಯಿತು.

ಮರುವರ್ಷ ಯೇಸುವಿನ ಗೋರಿಯ ಅದೇ ಪಾಠ, ಅದೇ ಪ್ರಶ್ನೆ. ಬೇರೆ ಉತ್ತರ ನನಗೆ ಗೊತ್ತಿರಲಿಲ್ಲ. ನಿನ್ನ ಮಾತನ್ನೇ ಒಂದಕ್ಷರ ಬಿಡದೆ ಒಪ್ಪಿಸಿದೆ. ನೀನು ಗೋಡೆಗೊರಗಿ ಕೂತು ಕೇಳಿದೆ. ಮುಗಿದ ಮೇಲೆ ನೀನು ಹತ್ತಿರ ಬಂದಾಗ, ಬೈಯುತ್ತೀಯೆಂದುಕೊಂಡೆ.

"ಚೊಲೊ ಹೇಳಿದಿ ಶಾಂತಾ. ಅವತ್ತ ನಿನಗ ಖರೇನ ಯಾರೂ ಕಾಣಲಿಲ್ಲೇನು?"

ನಾನು ಚಾಪೆ ಸುತ್ತತೊಡಗಿದೆ. ಇಷ್ಟು ವರ್ಷವಾದರೂ ಅದಕ್ಕೆ ಉತ್ತರ ಕೊಟ್ಟಿಲ್ಲ. ಹಿರಿಯರು ತೀರಿಹೋದರು, ಅವರ ಜಾಗದಲ್ಲಿ ಈಗ ಅದೇ ಮಗ ಕೂರುತ್ತಾನೆ. ಬರುವ ಭಾನುವಾರ ಅವನೆದುರೇ ಎದ್ದು ನಿಂತು ಕಂಡದ್ದನ್ನು ಹೇಳುತ್ತೇನೆ. ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದವಳನ್ನು ಯಾರೂ ನಂಬಲಿಕ್ಕಿಲ್ಲ. ನೀನು ಮಾತ್ರ ನಂಬುತ್ತೀಯೆಂದು ನನಗೆ ಗೊತ್ತು — ನನಗೆ ತಡೆಯಲಾಗದ ನಾಚಿಕೆ ಅದೇ.