ಇಮ್ರಾನನ ಗಿಟಾರು

ವೈರುಗಳಿಗೆ ಬೆಸುಗೆ ಹಾಕುವಾಗ ಕಾದ ತುದಿಯಿಂದ ಒಂದು ಎಳೆ ಹೊಗೆ ಏಳುತ್ತದೆ. ಸುಟ್ಟ ರಾಳದ ವಾಸನೆ ಅದು. ಸ್ವಲ್ಪ ಸಾಂಬ್ರಾಣಿಯ ಹಾಗೆ, ಸ್ವಲ್ಪ ಔಷಧಿಯ ಹಾಗೆ. ರಾಮಮೂರ್ತಿ ನಗರದಲ್ಲಿ ನಾನೀಗ ಕೆಲಸ ಮಾಡುವ ಶಾಮಿಯಾನ ಅಂಗಡಿಯ ಹಿಂದಿನ ಕೋಣೆಯಲ್ಲಿ ದಿನವೂ ಆ ಹೊಗೆ ಏಳುತ್ತದೆ, ಮತ್ತು ದಿನವೂ ಒಂದು ಗಳಿಗೆ ನಾನು ಮರ್ಫಿ ಟೌನಿನ ನಮ್ಮ ಮನೆಯಲ್ಲಿರುತ್ತೇನೆ. ಆ ಮನೆ ಈಗಿಲ್ಲ. ಅದು ನಿಂತಿದ್ದ ಜಾಗದಲ್ಲಿ ಗಾಜಿನ ಬಾಲ್ಕನಿಗಳ ಕಟ್ಟಡವೊಂದು ಎದ್ದಿದೆ. ನಿಮ್ಮ ಮನೆಯೂ ಹೀಗೆಯೇ ಹೋಗಿದ್ದರೆ ನಿಮಗೆ ಗೊತ್ತಿರುತ್ತದೆ: ಗೋಡೆ ಹೋದ ಮೇಲೂ ವಾಸನೆ ಹೋಗುವುದಿಲ್ಲ.

ಅಪ್ಪ ಮೈಕ್‌ಸೆಟ್ ಇಟ್ಟುಕೊಂಡಿದ್ದರು. ಮದುವೆ, ನಾಮಕರಣ, ಏಪ್ರಿಲ್ ತಿಂಗಳ ಜಯಂತಿ, ಹಲಸೂರಿನ ಪಲ್ಲಕ್ಕಿ, ಚರ್ಚಿನ ಹಬ್ಬ, ಸಾವು, ಎಲ್ಲಕ್ಕೂ ಅವರದೇ ಸದ್ದು. ಎರಡು ಕೋಣೆಯ ಮನೆಯಲ್ಲಿ ಮನುಷ್ಯರಿಗಿಂತ ಸ್ಪೀಕರುಗಳೇ ಹೆಚ್ಚು. ದೊಡ್ಡ ಪೆಟ್ಟಿಗೆಗಳನ್ನು ಒಂದಕ್ಕೊಂದು ಒತ್ತಿಟ್ಟು ಮೇಲೆ ಹಾಸಿಗೆ ಹಾಸಿದರೆ ಅದೇ ನಮ್ಮ ಮಂಚ. ತುತ್ತೂರಿಯಂಥ ಹಾರ್ನುಗಳ ಬಾಯಲ್ಲಿ ಅಮ್ಮ ಬೆಳ್ಳುಳ್ಳಿ ಹರವಿಡುತ್ತಿದ್ದಳು. ಬುದ್ಧನ ಚಿಕ್ಕ ಪಟದ ಕೆಳಗೆ ಬುದ್ಧನಿಗಿಂತ ದೊಡ್ಡದಾದ ಆಂಪ್ಲಿಫೈಯರ್ ಇತ್ತು. ಅದರ ಗುಂಡಿಯ ಪಕ್ಕ ಅಪ್ಪ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದಿದ್ದರು. ಮದುವೆಮನೆಯಲ್ಲಿ ಹೆಣ್ಣಿನ ಕಡೆಯವರು ಮಾತಾಡಲಿ, ಗಂಡಿನ ಕಡೆಯವರು ಮಾತಾಡಲಿ, ಗುಂಡಿ ಆ ಗೆರೆಯನ್ನು ದಾಟುತ್ತಿರಲಿಲ್ಲ, ಅದರ ಕೆಳಗೂ ಇಳಿಯುತ್ತಿರಲಿಲ್ಲ. "ಮೈಕ್‌ಸೆಟ್‌ನವನು ಯಾರಿಗೂ ನೆಂಟ ಆಗ್ಬಾರ್ದು ಕಣೋ ರವಿ. ನೆಂಟ ಆದ್ರೆ ಮದುವೆ ಕೆಡುತ್ತೆ" ಅನ್ನುತ್ತಿದ್ದರು. ಕಂಬಕ್ಕೆ ಹಾರ್ನ್ ಕಟ್ಟುವಾಗ ಬಿದ್ದು ಅವರ ಸೊಂಟ ಹೋಯಿತು. ಎಂಟನೇ ಕ್ಲಾಸಿನಲ್ಲಿದ್ದ ನಾನು ಪುಸ್ತಕ ಬಿಟ್ಟು ವೈರು ಹಿಡಿದೆ. ನನ್ನ ತಂಗಿ ಚಂದ್ರಿಕಾ, ನಮ್ಮ ಚಂದು, ಸ್ಕೂಲಿಗೆ ಹೋಗುತ್ತಲೇ ಇದ್ದಳು. ಒಬ್ಬರಾದರೂ ಓದಲಿ ಎಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಎಲ್ಲರೂ ಹಾಗೇ ನಡೆದುಕೊಂಡೆವು.

ಬ್ಯಾಂಡು ಹುಟ್ಟಿದ್ದು ಅವಳ ಸ್ಕೂಲಿನಲ್ಲಿ. ವಾರ್ಷಿಕೋತ್ಸವದ ದಿನ ಚಂದು ಹಾಡುತ್ತಿದ್ದಾಗ ಕರೆಂಟು ಹೋಯಿತು. ಶಿವಾಜಿನಗರದಿಂದ ಬರುತ್ತಿದ್ದ ಇಮ್ರಾನ್ ಗಿಟಾರಿನ ಜೊತೆ ವೇದಿಕೆಯ ಅಂಚಿಗೆ ಬಂದು ನುಡಿಸುತ್ತಲೇ ಹೋದ. ಹಲಸೂರಿನ ಜೋಸೆಫ್ ಡ್ರಮ್ ಬಿಟ್ಟು ಮರದ ಹಲಗೆಯನ್ನೇ ಬಡಿದ. ಮೈಕಿಲ್ಲದೆ ಹಾಡು ಮುಗಿಯಿತು. ಆವತ್ತಿನಿಂದ ಅವರ ಬ್ಯಾಂಡಿನ ಹೆಸರು 'ಕರೆಂಟ್ ಹೋಯ್ತು'. ಕರೆಂಟು ನಂಬಿ ಬದುಕುವ ನಮ್ಮ ಮನೆಯಲ್ಲಿ ಇಂಥ ಹೆಸರೇ ಎಂದು ಅಪ್ಪ ಒಂದು ವಾರ ಮುಖ ಸಿಂಡರಿಸಿಕೊಂಡಿದ್ದರು. ಆಮೇಲೆ ಮಹಡಿಯ ಮೇಲಿನ ಶೀಟಿನ ಕೋಣೆಯನ್ನು ಅವರೇ ಬಿಟ್ಟುಕೊಟ್ಟರು. ಹಳೇ ಶಾಮಿಯಾನದ ಬಟ್ಟೆ, ಅಜ್ಜಿಯ ಕೌದಿಗಳು ಗೋಡೆಗೆ ಬಂದವು. ಭಾನುವಾರ ಮಧ್ಯಾಹ್ನ ಶೀಟು ಕಾದು ಕೋಣೆ ಒಲೆಯಾಗುತ್ತಿತ್ತು. ಮೂವರೂ ಬೆವರಿನಲ್ಲಿ ತೊಯ್ದು, ಒಂದೇ ಸಾಲನ್ನು ಸರಿಯಾಗುವವರೆಗೆ ಬಿಡದೆ ನುಡಿಸುತ್ತಿದ್ದರು. ಅಮ್ಮ ಉಪ್ಪಿಟ್ಟಿನ ಪಾತ್ರೆ ಹಿಡಿದು ಮೆಟ್ಟಿಲು ಹತ್ತುತ್ತಿದ್ದಳು.

"ಏನ್ರೋ, ಮಿಕ್ಸಿ ಕೆಟ್ಟೋದಂಗೆ ಸದ್ದು ಬರ್ತಾ ಇದೆ?"

"ಆಂಟಿ, ಇದು ರಾಕ್" ಅಂದ ಜೋಸೆಫ್.

"ರಾಕೋ ರಾಗಿನೋ, ತಿಂದ್ಕೊಂಡು ಬಡೀರಿ."

ಇಮ್ರಾನನ ತಂದೆಗೆ ಸ್ಕೂಟರ್ ಸೀಟಿನ ಕವರ್ ಹೊಲಿಯುವ ಅಂಗಡಿ ಇತ್ತು. ಸ್ಕೂಲು ಬಿಟ್ಟ ಮೇಲೆ ಇವನೂ ಅಲ್ಲಿ ಕೂತು ರೆಕ್ಸಿನ್ ಹೊಲಿಯುತ್ತಿದ್ದ. ದಪ್ಪ ಸೂಜಿ ಚುಚ್ಚಿ ಚುಚ್ಚಿ ಅವನ ಬೆರಳ ತುದಿಗಳು ಗಿಟಾರು ಹಿಡಿಯುವ ಮೊದಲೇ ಗಟ್ಟಿಯಾಗಿದ್ದವು. ಹಾಡುಗಳನ್ನು ಕಟ್ಟುತ್ತಿದ್ದವನೂ ಅವನೇ. ಕನ್ನಡದಲ್ಲಿ ಕಟ್ಟುತ್ತಿದ್ದ. ಮಧ್ಯೆ ತಮಿಳು, ದಖನಿ ಬಂದರೆ ಓಡಿಸುತ್ತಿರಲಿಲ್ಲ. ನಮ್ಮ ಬೀದಿಯ ಕೊಳಾಯಿಯ ಮೇಲೆ ಅವನು ಕಟ್ಟಿದ 'ನೀರು ಬಂತು' ಎಂಬ ಹಾಡನ್ನು ಕಾಲೇಜಿನ ಹುಡುಗರು ಕೇಳಿ ಕೇಳಿ ಹಾಡಿಸುತ್ತಿದ್ದರು. ಸದ್ದುಗಳನ್ನು ಬೆರೆಸುವ ನಮ್ಮ ಮಿಕ್ಸರಿಗೆ ಒಂದು ದಿನ ಕೆಂಪು ಕವರ್ ಹೊಲಿದು ತಂದ. "ರವಿಯಣ್ಣ, ನೋಡು, ಬುಲೆಟ್ ಗಾಡಿ ಸೀಟು" ಅಂದ. ನನ್ನನ್ನು ಅವನು ಡ್ರೈವರ್ ಎಂದಾಗಲೀ ಹಮಾಲಿ ಎಂದಾಗಲೀ ಯಾರಿಗೂ ಪರಿಚಯ ಮಾಡಿಸಲಿಲ್ಲ. "ಇವ್ರು ನಮ್ಮ ಬ್ಯಾಂಡಿನ ನಾಲ್ಕನೆಯವ್ರು" ಅನ್ನುತ್ತಿದ್ದ.

ನನ್ನ ಕೆಲಸ ವೇದಿಕೆಯ ಎದುರು, ಜನರ ನಡುವೆ, ಮಿಕ್ಸರಿನ ಹಿಂದೆ. ಇದನ್ನು ಗೊತ್ತಿಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ವೇದಿಕೆಯ ಮೇಲಿರುವವನಿಗೆ ಕೇಳುವುದು ಅವನ ಬೆನ್ನ ಹಿಂದಿನ ಪೆಟ್ಟಿಗೆಯ ಸದ್ದು. ದೊಡ್ಡ ಮೈದಾನದಲ್ಲಿ ಜನರಿಗೆ ಕೇಳುವುದು ಬೇರೆ. ಹಾಡುವವರ ದನಿ, ಗಿಟಾರು, ಡ್ರಮ್ಮು, ಎಲ್ಲ ಬೇರೆ ಬೇರೆ ವೈರಿನಲ್ಲಿ ಮಿಕ್ಸರಿಗೆ ಬರುತ್ತವೆ. ಒಂದೊಂದಕ್ಕೂ ಮೇಲೆ ಕೆಳಗೆ ಜಾರಿಸುವ ಒಂದೊಂದು ಗುಂಡಿ. ನಾನು ಎಷ್ಟು ಬಿಡುತ್ತೇನೋ ಅಷ್ಟೇ ಜನರ ಕಿವಿಗೆ ಹೋಗುವುದು. ನುಡಿಸುವವನಿಗೆ ಅದು ತಿಳಿಯುವುದೇ ಇಲ್ಲ. ಅವನು ನಂಬಬೇಕು, ಅಷ್ಟೆ.

ಸಿ.ವಿ. ರಾಮನ್ ನಗರದ ಹತ್ತಿರ ಒಂದು ಕಾಲೇಜಿನ ಹಬ್ಬ. ಅಮ್ಮನೂ ಬಂದಿದ್ದಳು, ರೇಷ್ಮೆ ಸೀರೆ ಉಟ್ಟು ನನ್ನ ಮುಂದಿನ ಸಾಲಿನಲ್ಲೇ ಕೂತಿದ್ದಳು. ಹಾಡಿನ ನಡುವೆ ಇಮ್ರಾನ್ ಒಬ್ಬನೇ ನುಡಿಸಿದಾಗ ಮೈದಾನವೆಲ್ಲ ಎದ್ದು ನಿಂತಿತು. ನನ್ನ ಪಕ್ಕದಲ್ಲಿದ್ದ ಹುಡುಗನೊಬ್ಬ ಗೆಳೆಯನಿಗೆ ಹೇಳಿದ: "ಮಗಾ, ಗಿಟಾರ್‌ನವ್ನು ಬೆಂಕಿ. ಹುಡುಗಿ ಪರ್ವಾಗಿಲ್ಲ, ಅಷ್ಟೇ." ಅಮ್ಮ ಆ ಮಾತು ಕೇಳಿದಳು. ತಿರುಗಿ ನೋಡಲಿಲ್ಲ, ಸೆರಗು ಸರಿಮಾಡಿಕೊಂಡಳು. ನಾನು ಬಿಟ್ಟ ಎಂಟನೇ ಕ್ಲಾಸು, ಅಪ್ಪನ ಸೊಂಟ, ಹೊತ್ತ ಪೆಟ್ಟಿಗೆಗಳು, ಇವೆಲ್ಲ ಸೇರಿ 'ಪರವಾಗಿಲ್ಲ' ಎನ್ನುವ ಒಂದು ಮಾತಾಯಿತೇ ಅನ್ನಿಸಿತು. ಮುಂದಿನ ಹಾಡಿಗೆ ಗಿಟಾರಿನ ಗುಂಡಿಯನ್ನು ಬೆಂಕಿಕಡ್ಡಿಯ ದಪ್ಪದಷ್ಟು ಕೆಳಗೆ ಜಾರಿಸಿದೆ. ಚಂದುವಿನ ದನಿ ತಾನಾಗಿಯೇ ಮುಂದೆ ಬಂದು ನಿಂತಿತು. ಜನ ಅವಳಿಗೆ ಚಪ್ಪಾಳೆ ಹೊಡೆದರು. ನನಗೆ ಎಷ್ಟು ಹಿತವಾಯಿತು ಎಂದರೆ, ಅದೇ ತಪ್ಪಾಯಿತು.

ಅಲ್ಲಿಂದ ಅದು ರೂಢಿಯಾಯಿತು. ಪ್ರತಿ ಕಾರ್ಯಕ್ರಮದಲ್ಲೂ ಇನ್ನೊಂದು ಕಡ್ಡಿ. ಇಂದಿರಾನಗರದ ಪಬ್ಬುಗಳಲ್ಲಿ ಆಗುತ್ತಿರಲಿಲ್ಲ, ಅಲ್ಲಿ ಜಾಗ ಚಿಕ್ಕದು, ಅವನ ಪೆಟ್ಟಿಗೆಯ ಸದ್ದೇ ಗೋಡೆಗೆ ಮುಟ್ಟುತ್ತಿತ್ತು. ದೊಡ್ಡ ಮೈದಾನಗಳಲ್ಲಿ ಮಾತ್ರ ಅವನು ಕರಗಿಹೋಗುತ್ತಿದ್ದ. ಫೋನಿನಲ್ಲಿ ಹಾಕಿದ ವಿಡಿಯೋಗಳ ಕೆಳಗೆ ಜನ ಬರೆಯತೊಡಗಿದರು: ದನಿ ಅದ್ಭುತ, ಆ ಗಿಟಾರ್‌ನವನು ಯಾಕಿದ್ದಾನೆ. ಇಮ್ರಾನ್ ಅದನ್ನು ಓದುತ್ತಿದ್ದ. ಓದಿ ತನ್ನ ಪೆಟ್ಟಿಗೆಯ ಸದ್ದು ಏರಿಸಿದ. ವೇದಿಕೆಯ ಮೇಲೆ ಚಂದುವಿಗೆ ಅವಳ ದನಿಯೇ ಕೇಳದಾಯಿತು.

"ಯಾಕೋ ನನ್ ಮೇಲೆ ಬಿದ್ ಬಿದ್ ಬರ್ತೀಯಾ? ನಾನು ಹಾಡ್ಲೋ ಬೇಡ್ವೋ?"

"ನಿಂಗೇನು ಚಂದು, ಎಲ್ಲಾರಿಗೂ ನೀನೊಬ್ಳೇ ಕೇಳಿಸ್ತೀಯ."

ಆ ಬಿಸಿ ಕೋಣೆಯಲ್ಲಿ ಭಾನುವಾರಗಳು ಜಗಳದಲ್ಲಿ ಕಳೆದವು. ಜೋಸೆಫ್ ಇಬ್ಬರ ನಡುವೆ ಕೂತು ಡ್ರಮ್ಮಿನ ಕಡ್ಡಿಗಳನ್ನು ತೊಡೆಯ ಮೇಲೆ ಮೆಲ್ಲಗೆ ಬಡಿಯುತ್ತಿದ್ದ. ನಾನು ವೈರು ಸುತ್ತುತ್ತಿದ್ದೆ. ಕಾರಣ ನನ್ನ ಕೈಯಲ್ಲೇ ಇತ್ತು.

ಕೊನೆಗೆ ಕೆ.ಆರ್. ಪುರದ ಕಡೆಯ ಒಂದು ಮೈದಾನದಲ್ಲಿ ದೊಡ್ಡ ಸ್ಪರ್ಧೆ. ಗೆದ್ದವರ ಹಾಡುಗಳನ್ನು ಸ್ಟುಡಿಯೋದಲ್ಲಿ ಮುದ್ರಿಸಿ ಹೊರತರುತ್ತೇವೆ ಎಂದಿದ್ದರು. ಮಿಕ್ಸರಿಗೆ ಕೂರುವವರನ್ನು ಬ್ಯಾಂಡಿನವರೇ ಕರೆತರಬೇಕಿತ್ತು. ಮೂವರೂ ಜಗಳ ಬದಿಗಿಟ್ಟು ಆ ಒಂದು ಸಂಜೆಗಾಗಿ ಹಲ್ಲು ಕಚ್ಚಿ ದುಡಿದರು. ಆವತ್ತು ನನ್ನ ಕೈ ಎಂದಿಗಿಂತಲೂ ಕೆಳಗೆ ಹೋಯಿತು. ಚಂದು ಗೆಲ್ಲಲಿ ಎಂದೇ ಹಾಗೆ ಮಾಡಿದೆ. ಮೂವರೂ ಸೇರಿ ಗೆಲ್ಲಬೇಕಿತ್ತು, ಅದು ನನ್ನ ತಲೆಗೆ ಹೊಳೆಯಲೇ ಇಲ್ಲ. ಬಹುಮಾನ ಬೇರೆಯವರಿಗೆ ಹೋಯಿತು. ದನಿ ಚೆನ್ನಾಗಿದೆ, ಬ್ಯಾಂಡು ಬರೀ ಟೊಳ್ಳು ಎಂದು ತೀರ್ಪುಗಾರರು ಹೇಳಿದರಂತೆ. ಮಿಕ್ಸರಿನಿಂದ ನೇರ ತೆಗೆದ ರೆಕಾರ್ಡಿಂಗನ್ನು ಮಾರನೆಯ ದಿನ ನಮ್ಮ ಮನೆಯಲ್ಲಿ ಹಾಕಿದೆವು. ಎಲ್ಲರೂ ಸ್ಪೀಕರ್ ಪೆಟ್ಟಿಗೆಗಳ ಮೇಲೆ ಕೂತಿದ್ದರು. ಹಾಡು ಪೂರ್ತಿ ಮುಗಿಯುವ ತನಕ ಇಮ್ರಾನ್ ತಲೆ ತಗ್ಗಿಸಿ ತನ್ನ ಗಿಟಾರನ್ನು ಹುಡುಕುತ್ತಿದ್ದ.

"ನಾನು ಇಷ್ಟೇನಾ ಗುರು?" ಅಂದ. ಆಮೇಲೆ ನನ್ನ ಕಡೆ ತಿರುಗಿದ. "ರವಿಯಣ್ಣ, ನೀನು ಕೆಳಗಿದ್ದೆ. ನಿಂಗೆ ಹೆಂಗೆ ಕೇಳಿಸ್ತು?"

"ಹಿಂಗೇ ಕೇಳಿಸ್ತು ಇಮ್ರಾನ್" ಅಂದೆ.

ನಾನು ಮಾಡಿದ್ದು ಅದು. ಗುಂಡಿ ಇಳಿಸಿದ್ದನ್ನಾದರೂ ಪ್ರೀತಿ ಎಂದು ಯಾರಾದರೂ ಮನ್ನಿಸಿಯಾರು. ಈ ಮಾತಿಗೆ ಅಂಥ ಹೆಸರಿಲ್ಲ. ಅಪ್ಪ ಮೂಲೆಯಲ್ಲಿ ಮಲಗಿದ್ದರು. ಅವರ ಕಿವಿ ಕೊನೆಯವರೆಗೂ ಚುರುಕಾಗಿತ್ತು. ನನ್ನನ್ನೇ ನೋಡಿದರು, ಆಮೇಲೆ ಗೋಡೆಯ ಕಡೆ ಹೊರಳಿದರು. ಸಾಯುವ ತನಕ ಆ ವಿಷಯ ಎತ್ತಲಿಲ್ಲ.

ಇಮ್ರಾನ್ ಮತ್ತೆ ಬರಲಿಲ್ಲ. ಸೀಟಿನ ಕವರಿಗೆ ಮರಳಿದ. ಚಂದು ಬೇರೆ ಗಿಟಾರಿನವನನ್ನು ಹುಡುಕಿದಳು, ಆದರೆ ಹಾಡು ಕಟ್ಟುವವನು ಹೋಗಿದ್ದ. ಹೆಸರು ಕೆಲವು ತಿಂಗಳು ಉಳಿಯಿತು, ಆಮೇಲೆ ಅದೂ ಹೋಯಿತು. ಜೋಸೆಫ್ ಹೋಟೆಲ್ ಕೆಲಸಕ್ಕೆ ಗಲ್ಫಿಗೆ ಹೊರಟ. ಅಪ್ಪ ತೀರಿಕೊಂಡರು, ಅವರ ಹಿಂದೆಯೇ ಅಮ್ಮ. ಬಾಡಿಗೆ ಮನೆ ತಾನೇ, ಯಜಮಾನರು ಮಾರಿದರು. ಹಾರ್ನುಗಳನ್ನು ಗುಜರಿಗೆ ಹಾಕುವಾಗ ಒಂದರ ಬಾಯಿಂದ ಒಣಗಿದ ಬೆಳ್ಳುಳ್ಳಿ ಸಿಪ್ಪೆ ಉದುರಿತು. ಕವರ್ ಸಮೇತ ಮಿಕ್ಸರನ್ನು ಮಾತ್ರ ಕೊಡಲಿಲ್ಲ. ಚಂದು ಈಗ ಅಪಾರ್ಟ್‌ಮೆಂಟಿನ ಮಕ್ಕಳಿಗೆ ಹಾಡು ಹೇಳಿಕೊಡುತ್ತಾಳೆ. ತನ್ನ ಹಟದಿಂದಲೇ ಬ್ಯಾಂಡು ಒಡೆಯಿತೆಂದು ಅವಳೂ ನಂಬಿದ್ದಳು. ಹೀಗೆ ಅವಳೂ ಇಮ್ರಾನನೂ ತಮ್ಮದಲ್ಲದ ತಪ್ಪನ್ನು ಹೊತ್ತು ವರ್ಷಗಟ್ಟಲೆ ನಡೆದರು.

ಹೇಳಲೇಬೇಕು ಎಂದು ಈ ವರ್ಷ ಗಟ್ಟಿ ಮಾಡಿಕೊಂಡೆ. ಮೊದಲು ತಂಗಿಗೆ ಹೇಳಿದೆ. ಅವಳು "ನಂಗೋಸ್ಕರ ಮಾಡ್ದೆ ಅಂತ ಮಾತ್ರ ಹೇಳ್ಬೇಡ ಅಣ್ಣ" ಅಂದಳು. ಅಂದಿನಿಂದ ನನ್ನ ಫೋನು ತೆಗೆಯುತ್ತಿಲ್ಲ. ಮಾರನೆಯ ದಿನವೇ ಶಿವಾಜಿನಗರಕ್ಕೆ ಹೋದೆ. ಇಮ್ರಾನ್ ಅಂಗಡಿಯಲ್ಲಿ ಒಬ್ಬನೇ ಹೊಲಿಯುತ್ತಿದ್ದ, ಗಡ್ಡದಲ್ಲಿ ಬಿಳಿ ಬಂದಿದೆ. ಸ್ಟೂಲು ಎಳೆದು ಕೂರಿಸಿದ, ಚಾ ತರಿಸಿದ. ನಾನು ಎಲ್ಲ ಹೇಳಿದೆ. ಅವನ ಕೈ ನಿಂತಿತು.

"ಎಷ್ಟು ಇಳಿಸ್ತಿದ್ದೆ?"

ಹೆಬ್ಬೆರಳು ತೋರುಬೆರಳುಗಳ ನಡುವೆ ಅಳತೆ ತೋರಿಸಿದೆ. ಅವನು ಆ ಸಂದನ್ನೇ ನೋಡಿದ.

"ಆ ಕೊನೇ ಕಾಂಪಿಟೇಶನ್ ದಿವ್ಸ ನಮ್ಮ ಅಬ್ಬಾ ಬಂದಿದ್ರು" ಅಂದ. "ಅದೊಂದೇ ಸಲ. ಯಾರಿಗೂ ಹೇಳ್ದೆ ಹಿಂದೆ ನಿಂತಿದ್ರಂತೆ. ಮನೆಗೆ ಬಂದು, 'ಎಲ್ಲಾರ್ದೂ ಕೇಳಿಸ್ತು ಬೇಟಾ, ನಿಂದೇ ಕೇಳಿಸ್ಲಿಲ್ಲ' ಅಂದ್ರು. ನಂಗೆ ನುಡ್ಸೋಕೇ ಬರಲ್ಲ ಅಂತ ಅಂದ್ಕೊಂಡೇ ತೀರ್ಹೋದ್ರು. ನಂಗೆ ನೀನ್ ಹೇಳ್ದೆ, ಸರಿ. ಅವ್ರಿಗೆ ಯಾರ್ ಹೇಳ್ತಾರೆ ರವಿಯಣ್ಣ?"

ಅವನು ಬೈಯಲಿಲ್ಲ, ಮನ್ನಿಸಲೂ ಇಲ್ಲ. ಚಾ ಆರಿತು. ಸ್ವಲ್ಪ ಹೊತ್ತಿಗೆ ಗಿರಾಕಿ ಬಂದ, ನಾನು ಎದ್ದೆ.

ಸ್ಪರ್ಧೆಯ ಆ ಸಂಜೆಯ ರೆಕಾರ್ಡಿಂಗಿನಲ್ಲಿ ಇಮ್ರಾನ್ ಇಲ್ಲ. ಕೆಳಗಿಳಿಸಿದ್ದನ್ನು ಈಗ ಮೇಲೆತ್ತಲು ಬರುವುದಿಲ್ಲ, ಬಹಳ ಪ್ರಯತ್ನಿಸಿ ನೋಡಿದ್ದೇನೆ. ಆದರೆ ಮಿಕ್ಸರಿನ ಹಿಂದಿರುವವನಿಗೆ ಒಂದು ಅನುಕೂಲವಿದೆ. ಕಿವಿಗೆ ಹೆಡ್‌ಫೋನ್ ಹಾಕಿ ಒಂದು ಬಟನ್ ಒತ್ತಿದರೆ, ಗುಂಡಿ ಎಷ್ಟು ಕೆಳಗಿದ್ದರೂ, ಒಬ್ಬೊಬ್ಬರನ್ನೇ ಬೇರೆಯಾಗಿ ಕೇಳಬಹುದು. ಆ ಸಂಜೆ ನಾನು ಒತ್ತಿದ್ದೆ. ಅಷ್ಟು ಜನರಲ್ಲಿ ಅವನ ನುಡಿಕೆಯನ್ನು ಪೂರ್ತಿಯಾಗಿ ಕೇಳಿದವನು ನಾನೊಬ್ಬನೇ. ನನಗೆ ಬರೆದು ರೂಢಿಯಿಲ್ಲ, ಆದರೂ ಬರೆಯುತ್ತಿದ್ದೇನೆ. ಅವನ ತಂದೆಗೆ ತಲುಪದ್ದು ನಿಮ್ಮಲ್ಲಿ ಯಾರಿಗಾದರೂ ತಲುಪಲಿ.

'ನೀರು ಬಂತು' ಹಾಡಿನ ಎರಡನೇ ಚರಣದಲ್ಲಿ ಚಂದು ಉಸಿರಿಗೆ ನಿಲ್ಲುವ ಒಂದು ಜಾಗವಿದೆ. ಅಲ್ಲಿ ಅವನು ಖಾಲಿ ಕೊಳಾಯಿಯಲ್ಲಿ ಮೊದಲು ಗಾಳಿ ಬರುವಂತೆ ತಂತಿಯನ್ನು ಬರೀ ಉಜ್ಜಿದ. ಆಮೇಲೆ ಒಂದು ಹನಿ. ತಡೆದು ಇನ್ನೊಂದು. ಅವಸರವಿಲ್ಲ, ತೋರಿಸಿಕೊಳ್ಳುವ ಆಸೆಯಿಲ್ಲ. ಹನಿಗಳು ಹತ್ತಿರ ಹತ್ತಿರವಾಗಿ, ಎಳೆಯಾಗಿ, ಅವಳು ಮತ್ತೆ ಬಾಯಿ ತೆರೆಯುವ ಹೊತ್ತಿಗೆ ಬಿಂದಿಗೆ ತುಂಬುವ ಸದ್ದಾಗಿ ಅವಳ ದನಿಯ ಕೆಳಗೆ ನಿಂತವು, ಮಗುವನ್ನು ಎತ್ತಿಕೊಂಡ ಕೈಯ ಹಾಗೆ. ಬಹಳ ಚೆನ್ನಾಗಿ ನುಡಿಸಿದ. ಒಂದು ಸ್ವರವೂ ತಪ್ಪಿರಲಿಲ್ಲ.