ಅಣ್ಣನ ಅಳತೆಯ ಗಾಲ್ಫ್ ಕೋಲುಗಳು

ಹಳೆಯ ಗಾಲ್ಫ್ ಕೋಲಿನ ಹಿಡಿಯನ್ನು ಚಾಕುವಿನಿಂದ ಸೀಳಿದಾಗ ಏಳುವ ವಾಸನೆ ನನ್ನ ಶತ್ರುವಿಗೂ ಬೇಡ. ರಬ್ಬರಿನ ಮೇಲೆ ವರ್ಷಗಟ್ಟಲೆ ಕೂತ ಬೆವರು, ಕೈಗೆ ಬಳಿದುಕೊಂಡ ಕ್ರೀಮು, ಅಡಿಯಲ್ಲಿ ಕಪ್ಪು ಮೇಣದಂತಾದ ಅಂಟುಪಟ್ಟಿ, ಎಲ್ಲ ಸೇರಿ ಮೂಗಿಗೆ ಅಡರುತ್ತದೆ. ಅದನ್ನು ಉಗುರಿನಿಂದ ಕೆರೆದು, ಪೆಟ್ರೋಲ್ ಬಟ್ಟೆಯಿಂದ ಒರೆಸಿ, ಒಳಗಿನ ಉಕ್ಕು ಹೊಳೆಯುವ ಹೊತ್ತಿಗೆ ಮಧ್ಯಾಹ್ನದ ಮುದ್ದೆ ಗಂಟಲಲ್ಲಿ ಇಳಿಯುವುದಿಲ್ಲ. ಯಾರದೋ ಅಂಗೈಯ ಕೊಳೆ ನನ್ನ ಉಗುರಿನ ಸಂದಿಯಲ್ಲಿದೆ ಅನ್ನುವುದು ಎರಡು ದಿನ ಬಿಡದೆ ಕಾಡುತ್ತದೆ. ಆದರೂ ಏಳು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ.

ನಾನು ಆಟ ಆಡುವವನಲ್ಲ. ದುಡಿಯಬೇಕಾದ ಹೊತ್ತಿನಲ್ಲಿ ಹುಲ್ಲಿನ ಮೇಲೆ ಒಂದು ಚೆಂಡನ್ನು ಹೊಡೆದು, ಆಮೇಲೆ ಅದನ್ನೇ ಹುಡುಕಿಕೊಂಡು ನಡೆಯುವ ಆಟ ಅದು. ಆ ಹುಲ್ಲಿಗೆ ಕುಡಿಯುವ ನೀರಿನಂಥ ನೀರು ಸುರಿಯುತ್ತಾರೆ. ನನಗೆ ಬೇಕಾದದ್ದು ಆ ಕೋಲು ಮಾತ್ರ. ಪಿಲ್ಲಗುಂಪೆಯ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಫಿಟ್ಟರ್ ಆಗಿದ್ದಾಗ ಮ್ಯಾನೇಜರ್ ಒಬ್ಬರು ತಲೆ ಕಳಚಿದ ಕೋಲೊಂದನ್ನು ತಂದು, ಇದನ್ನು ಕೂರಿಸಿಕೊಡಿ ಅಂದರು. ಬೆಸುಗೆ ಹಾಕಲು ಹೊರಟಿದ್ದೆ. ಒಳಗೆ ಇಣುಕಿದಾಗ ಗೊತ್ತಾಯಿತು, ಅದು ಬೆಸುಗೆಯಲ್ಲ, ಬರೀ ಅಂಟು. ಅಷ್ಟು ದೊಡ್ಡ ಹೊಡೆತವನ್ನು ಒಂದಿಷ್ಟು ಅಂಟು ತಡೆಯುತ್ತದೆ ಅಂದರೆ ಅದರ ಅಳತೆ ಎಷ್ಟು ಕರಾರುವಾಕ್ಕಾಗಿರಬೇಕು! ಅವತ್ತಿನಿಂದ ಹುಚ್ಚು ಹತ್ತಿತು. ಮೊಬೈಲಿನಲ್ಲಿ ವಿಡಿಯೋ ನೋಡಿದೆ, ಹೊಸಕೋಟೆಯ ಗುಜರಿ ಅಂಗಡಿಗಳಲ್ಲಿ ಮುರಿದ ಕೋಲು ಹುಡುಕಿದೆ, ನೌಕರಿ ಬಿಟ್ಟ ಮೇಲೆ ಹಸು ಕಟ್ಟುತ್ತಿದ್ದ ಕೊಟ್ಟಿಗೆಯಲ್ಲಿ ಕಬ್ಬಿಣ ಬಿಗಿಹಿಡಿಯುವ ಬೆಂಚ್ ವೈಸ್ ಕೂರಿಸಿಕೊಂಡೆ.

ಕೆಲಸ ಚೆಂದ. ಕೆಲಸ ತರುವವರು ಮಾತ್ರ ನನಗೆ ಆಗುವುದಿಲ್ಲ. ಒಬ್ಬ ಸಿಟ್ಟಿನಲ್ಲಿ ಕೋಲನ್ನು ಮರಕ್ಕೆ ಬಡಿದು ಬಗ್ಗಿಸಿ ತರುತ್ತಾನೆ, ಮರದ ಸಿಪ್ಪೆ ಇನ್ನೂ ಅದಕ್ಕೆ ಅಂಟಿರುತ್ತದೆ. ಕೇಳಿದರೆ ಕಾರಿನ ಡಿಕ್ಕಿಯಲ್ಲಿ ಸಿಕ್ಕಿಕೊಂಡಿತು ಅನ್ನುತ್ತಾನೆ. ಇನ್ನೊಬ್ಬ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಮೂಗಿಗೆ ಕರವಸ್ತ್ರ ಹಿಡಿಯುತ್ತಾನೆ. ಹಸು ಹೋಗಿ ಐದು ವರ್ಷವಾಯಿತು, ಅಲ್ಲಿ ನಾರುತ್ತಿರುವುದು ನಿನ್ನ ಕೋಲಿನ ಹಿಡಿ ಕಣಯ್ಯಾ ಅಂತ ಹೇಳಬೇಕೆನ್ನಿಸುತ್ತದೆ. ಹೇಳುವುದಿಲ್ಲ. ಅಂಥವರು ಹೋದ ಮೇಲೆ ಅವರು ಮುಟ್ಟಿದ ಬಾಗಿಲನ್ನು ಒಂದು ಸಲ ಒರೆಸುತ್ತೇನೆ, ಅಷ್ಟೇ.

ನಮ್ಮಣ್ಣ ಅಂಥವರ ಸಾಲಿಗೆ ಸೇರಿದಾಗ ನನಗೆ ನಿಜಕ್ಕೂ ವಾಕರಿಕೆ ಬಂತು. ನಂದಗುಡಿ ಹೋಬಳಿಯಲ್ಲಿ ನಮ್ಮದು ಒಟ್ಟಿಗೆ ಒಂದು ಹೊಲ ಇತ್ತು. ಅಣ್ಣ ಮೂವತ್ತು ವರ್ಷ ಅಲ್ಲಿ ರಾಗಿ, ಟೊಮ್ಯಾಟೊ, ಹುರುಳಿಕಾಯಿ ಬೆಳೆದವನು. ಅದು ಲೇಔಟಿಗೆ ಹೋಯಿತು. ಕಾಗದಕ್ಕೆ ನಾನೂ ಸಹಿ ಹಾಕಿದ್ದೇನೆ, ನಾನೇನು ಸಾಚಾ ಅಲ್ಲ. ಆದರೆ ಅಣ್ಣ ಮಾರನೆಯ ತಿಂಗಳಿಂದ ಬಿಳಿ ಪ್ಯಾಂಟು ಹಾಕಿಕೊಂಡು, ಸೆಂಟು ಬಳಿದುಕೊಂಡು, ಲೇಔಟಿನವರ ಜೊತೆ ದೇವನಹಳ್ಳಿ ಕಡೆಯ ಗಾಲ್ಫ್ ಮೈದಾನಕ್ಕೆ ಹೋಗತೊಡಗಿದ. ನೆಂಟರ ಮನೆಯ ಬೀಗರ ಊಟದಲ್ಲಿ ಪಂಕ್ತಿಯಲ್ಲಿ ಕೂತು, ಹದಿನೆಂಟು ಗುಳಿಯ ಲೆಕ್ಕವನ್ನು ಎಲ್ಲರಿಗೂ ವಿವರಿಸುತ್ತಿದ್ದ. ಅವನ ಬಾಯಿಂದ ಆ ಮಾತು, ಎಲೆಯ ಮೇಲೆ ಮೂಳೆ, ಗಾಳಿಯಲ್ಲಿ ಆ ಸೆಂಟು. ನನಗೆ ತಡೆಯಲಿಲ್ಲ. "ಹೊಲ ಮಾರಿ ಬೂಟ್ ತಗೊಂಡೋರ ಮಾತು ಕೇಳ್ಕೊಂಡು ಉಣ್ಣಾಕಾಯ್ತದಾ?" ಅಂದುಬಿಟ್ಟೆ. ಪಂಕ್ತಿಯೆಲ್ಲ ನಕ್ಕಿತು. ಅಣ್ಣ ಎಲೆ ಬಿಟ್ಟು ಎದ್ದ. ಎರಡು ವರ್ಷ ನಮ್ಮ ನಡುವೆ ಮಾತಿರಲಿಲ್ಲ.

ಹಾಗಾಗಿ ಹೋದ ವರ್ಷ ಗಣೇಶನ ಹಬ್ಬ ಕಳೆದ ಮೇಲೆ ಅವನು ನನ್ನ ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತಾಗ ನನ್ನ ಕೈಯಲ್ಲಿದ್ದ ಅರ ಹಾಗೇ ನಿಂತುಬಿಟ್ಟಿತು.

"ಏನ್ಲಾ, ನಿನ್ನ ಕೈಕೆಲ್ಸ ದೇವನಳ್ಳಿ ತನಕ ಹೆಸರು ಮಾಡೈತಂತೆ. ನನಗೊಂದು ಸೆಟ್ಟು ಮಾಡ್ಕೊಡ್ತೀಯಾ?"

"ಕಂಪ್ನಿ ಸೆಟ್ಟೇ ತಗೋಬೋದಲ್ಲಣ್ಣ."

"ತಗೋಬೋದು." ಎಡಗೈ ಮುಂದೆ ಚಾಚಿದ. "ಈ ಬೆರಳಿಗೆ ಯಾವ ಕಂಪ್ನಿಯೋನು ಮಾಡ್ತಾನೆ ಹೇಳು?"

ಉಂಗುರದ ಬೆರಳಿನ ತುದಿಯ ಗೆಣ್ಣು ಅವನಿಗಿಲ್ಲ. ನಾನು ಹತ್ತು ವರ್ಷದವನಿದ್ದಾಗ ಮೇವು ಕತ್ತರಿಸುವ ಯಂತ್ರದ ಚಕ್ರ ತಿರುಗಿಸುತ್ತಿದ್ದೆ, ಅವನು ಜೋಳದ ದಂಟು ತಳ್ಳುತ್ತಿದ್ದ. ತಾಳು ಅಂದ. ನಾನು ಆಟಕ್ಕೆ ಇನ್ನೊಂದು ಸುತ್ತು ತಿರುಗಿಸಿದೆ. ಅಪ್ಪನ ಮುಂದೆ ಅವನು, ನಾನೊಬ್ಬನೇ ಮಾಡ್ತಿದ್ದೆ, ಕೈ ಜಾರಿತು ಅಂದ. ಇವತ್ತಿಗೂ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವುದು ಅಷ್ಟೇ.

ಕಾಫಿ ತಂದ ನನ್ನ ಹೆಂಡತಿ, ಅವನು ಹೋದ ಮೇಲೆ ನೇರವಾಗಿ ಹೇಳಿದಳು. "ಬಾವನೋರು ಕೋಲಿಗೆ ಬಂದಿಲ್ಲ. ಮಾತಾಡ್ಸಾಕೆ ಬಂದವ್ರೆ. ಇದೊಂದು ನೆಟ್ಟಗೆ ಮಾಡಿ, ಎರಡು ಮನೆ ಮತ್ತೆ ಒಂದಾಯ್ತವೆ. ಕೆಡಿಸಿದ್ರೋ, ಇನ್ಯಾವತ್ತೂ ಈ ಕಡೆ ತಲೆ ಹಾಕಕಿಲ್ಲ." ಅವಳು ಹೇಳುವ ಮೊದಲೇ ಅದು ನನಗೂ ಗೊತ್ತಿತ್ತು.

ಮುಂದಿನ ಭಾನುವಾರ ಅಳತೆಗೆ ಕರೆದೆ. ಕೈ ಇಳಿಬಿಟ್ಟು ನೆಟ್ಟಗೆ ನಿಂತಾಗ ಮಣಿಕಟ್ಟಿನಿಂದ ನೆಲಕ್ಕೆ ಟೇಪು ಹಿಡಿದರೆ ಅಂಗಡಿಯ ಸಾಮಾನ್ಯ ಉದ್ದವೇ ಅವನಿಗೆ ಸರಿ ಅಂತ ತೋರಿಸಿತು. ಆಮೇಲೆ ಕೋಲು ಕೊಟ್ಟು, ಹೊಡೆಯುವ ಹಾಗೆ ನಿಂತ್ಕೋ ಅಂದೆ. ನಿಂತ. ಸೊಂಟ ಬಗ್ಗಿತು, ಬೆನ್ನು ಗೂನಾಯಿತು, ಎರಡೂ ಕೈ ಮೊಣಕಾಲಿನ ಹತ್ತಿರ ಇಳಿದವು. ಬಿಳಿ ಪ್ಯಾಂಟಿನೊಳಗೆ ನಿಂತಿದ್ದವನು ಟೊಮ್ಯಾಟೊ ಸಾಲಿಗೆ ಮಣ್ಣು ಏರಿಸುವ ನಮ್ಮಣ್ಣ. ಎಷ್ಟು ಸೆಂಟು ಹಾಕಿದರೇನು ಅಂತ ಒಳಗೇ ಹಲ್ಲು ಕಿಸಿದೆ. ಆ ನಗುವನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ನಮ್ಮಲ್ಲಿ ಗುದ್ದಲಿಗೆ ಕಾವು, ಅಂದರೆ ಮರದ ಹಿಡಿ, ಹಾಕುವ ಒಂದು ಕ್ರಮ ಇದೆ. ಅಪ್ಪ ಹಾಗೇ ಮಾಡುತ್ತಿದ್ದ. ಅಗೆಯುವವನನ್ನು ನಿಲ್ಲಿಸಿ, ಉದ್ದನೆಯ ಕಾವು ಕೈಗೆ ಕೊಟ್ಟು, ಅಗೆಯುವ ಹಾಗೆ ಬಗ್ಗು ಅನ್ನುತ್ತಾರೆ. ಅವನು ಎಷ್ಟು ಬಗ್ಗುತ್ತಾನೋ ಅಷ್ಟಕ್ಕೆ ಕಾವು ಕತ್ತರಿಸಿ, ಅಲಗಿನ ಓರೆಯನ್ನು ಅವನ ಬೆನ್ನಿಗೆ ಹೊಂದಿಸುತ್ತಾರೆ. ಒಬ್ಬನ ಗುದ್ದಲಿ ಇನ್ನೊಬ್ಬನಿಗೆ ಆಗಿಬರುವುದಿಲ್ಲ. ನಾನು ಅಣ್ಣನಿಗೆ ಮಾಡಿದ್ದೂ ಅದನ್ನೇ.

ವಿಡಿಯೋದವರು ಹೇಳಿದ್ದು ಬೇರೆ. ಹೊಸಬನಾದರೆ ಮೊದಲು ಕಲಿಸುವವರ ಹತ್ತಿರ ಕಳಿಸಿ, ನಿಲ್ಲುವುದನ್ನು ಕಲಿಯಲಿ, ಆಮೇಲೆ ಅಳತೆ ತೆಗೆಯಿರಿ, ಏಕೆಂದರೆ ಕಲಿತ ಮೇಲೆ ಮೈ ಬದಲಾಗುತ್ತದೆ. ಆ ಮಾತನ್ನು ನಾನು ಹತ್ತು ಸಲ ಕೇಳಿದ್ದೇನೆ. ಬೇರೆ ಗಿರಾಕಿಗಳಿಗೆ ಹಾಗೇ ಹೇಳಿ ವಾಪಸ್ ಕಳಿಸಿದ್ದೇನೆ. ಅಣ್ಣ ಒಬ್ಬ ಕೋಚ್ ಹತ್ತಿರ ಸೇರಲಿದ್ದೇನೆ ಅಂತ ಅವತ್ತೇ ಹೇಳಿದ್ದ. ನಾನು ಹೂಂ ಅಂದು ಟೇಪು ಮಡಿಸಿಟ್ಟೆ.

ಇಪ್ಪತ್ತು ದಿನ ಆ ಸೆಟ್ಟಿನ ಮೇಲೆಯೇ ಕೂತೆ. ಪ್ರತಿ ಕೋಲನ್ನೂ ಒಂದೊಂದು ಇಂಚು ಗಿಡ್ಡ ಕತ್ತರಿಸಿದೆ. ತಲೆಗಳನ್ನು ವೈಸಿಗೆ ಸಿಕ್ಕಿಸಿ, ನಾನೇ ಮಾಡಿಕೊಂಡ ಸನ್ನೆಕೋಲಿನಿಂದ ಒಂದೊಂದು ಡಿಗ್ರಿಯಾಗಿ ಬಗ್ಗಿಸಿ, ಅವನ ಗೂನು ಬೆನ್ನಿಗೆ ಹೊಂದುವಂತೆ ಕೋನ ತಗ್ಗಿಸಿದೆ. ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿ, ಕಡಿಮೆಯಾದ ತೂಕಕ್ಕೆ ಒಳಗೆ ಸೀಸದ ಪುಡಿ ತುಂಬಿದೆ. ಹಿಡಿ ಕೂರಿಸುವಾಗ ಎಡಗೈಯ ಉಂಗುರದ ಬೆರಳು ಬರುವ ಜಾಗದಲ್ಲಿ ರಬ್ಬರಿನ ಅಡಿಗೆ ಅಂಟುಪಟ್ಟಿಯನ್ನು ಸುತ್ತಿ ಸುತ್ತಿ ಒಂದು ಉಬ್ಬು ಮಾಡಿದೆ. ಮೊಂಡು ಬೆರಳಿಗೂ ಅಲ್ಲಿ ಒಂದು ಆಧಾರ ಸಿಗಬೇಕು. ಹದಿಮೂರು ಕೋಲಿನಲ್ಲೂ ಆ ಉಬ್ಬು ಕೂದಲೆಳೆಯಷ್ಟೂ ಆಚೀಚೆ ಆಗದ ಹಾಗೆ ನೋಡಿಕೊಂಡೆ. ಹಾಗೆ ಒಂದು ಕೆಲಸವನ್ನು ನಾನು ಕಾರ್ಖಾನೆಯಲ್ಲೂ ಮಾಡಿರಲಿಲ್ಲ.

ಆಯುಧಪೂಜೆಯ ದಿನ ಅಣ್ಣ ಅತ್ತಿಗೆಯ ಜೊತೆ ಬಂದ. ನನ್ನ ಹೆಂಡತಿ ವೈಸಿಗೂ ಅರಗಳಿಗೂ ಇಟ್ಟ ಹಾಗೆ ಕೋಲುಗಳಿಗೂ ಅರಿಶಿನ ಕುಂಕುಮ ಇಟ್ಟಳು. ಅಣ್ಣ ಒಂದು ಕೋಲು ಹಿಡಿದು, ಬೆರಳನ್ನು ಉಬ್ಬಿನ ಮೇಲೆ ಇಟ್ಟು ಒತ್ತಿ ನೋಡಿದ. "ಕೂತ್ಕಂತು ಕಣೋ," ಅಂದ. ಆಮೇಲೆ ಹಾರ ಹಾಕಿದ ಕೋಲಿನ ಜೊತೆ ಮೊಬೈಲಿಗೆ ಹತ್ತು ಥರ ನಿಂತ. ನನಗೆ ಮತ್ತೆ ಅದೇ ಹೇಸಿಗೆ. ಆದರೂ ಅವತ್ತು ಒಂದೇ ಪಂಕ್ತಿಯಲ್ಲಿ ಕೂತು ಉಂಡೆವು.

ದೀಪಾವಳಿ ಕಳೆದು ಒಂದು ವಾರಕ್ಕೆ ಅಣ್ಣ ಒಬ್ಬನೇ ಬಂದ. ಬ್ಯಾಗನ್ನು ಕೊಟ್ಟಿಗೆಯ ಬಾಗಿಲಲ್ಲಿ ಇಳಿಸಿದ. ಒಂದು ಕೋಲು ಎಳೆದು, ನನ್ನ ಮುಂದೆ ನಿಂತು ತೋರಿಸಿದ. ಬೆನ್ನು ನೆಟ್ಟಗಿತ್ತು. ಮೊಣಕಾಲು ಸ್ವಲ್ಪವೇ ಸಡಿಲ, ಕೈಗಳು ಎತ್ತರದಲ್ಲಿ. ಆರು ವಾರದಲ್ಲಿ ಅವನು ಬೇರೆ ಮನುಷ್ಯನಾಗಿದ್ದ. ಹಾಗೆ ನಿಂತರೆ ಕೋಲು ನೆಲಕ್ಕೆ ಎಟುಕುತ್ತಿರಲಿಲ್ಲ. ಎಟುಕಿಸಿದರೆ ಕೋಲಿನ ತಲೆಯ ಮೂತಿ ಮಣ್ಣಿಗೆ ಕುಕ್ಕಿ, ಕೋಲು ಸೇರುವ ಕಡೆಯ ಹಿಮ್ಮಡಿ ಮೇಲೇಳುತ್ತಿತ್ತು.

"ಚೆಂಡೆಲ್ಲ ಬಲಕ್ಕೇ ಓಡ್ತವೆ. ಕೋಚು ಅಳತೆ ಹಿಡಿದು ನೋಡ್ದ. ಇದು ಗುದ್ದಲಿ ಸಾರ್, ಯಾರು ಮಾಡಿದ್ದು ಅಂದ. ಎಲ್ಲರ ಮುಂದೆ. ಅವತ್ತು ಪಂಕ್ತೀಲಿ ನಕ್ರಲ್ಲ, ಹಂಗೇ ನಕ್ರು."

"ಅಣ್ಣ, ಅವತ್ತು ನೀನು ನಿಂತಿದ್ದೇ ಹಂಗೆ..."

"ಬೇಕೂಂತ್ಲೇ ಮಾಡಿದ್ಯಾ? ಹೌದಾ ಇಲ್ವಾ, ಅಷ್ಟೇ ಹೇಳು."

"ಇಲ್ಲ ಕಣಣ್ಣ."

ಆ ಇಲ್ಲ ನನ್ನ ಬಾಯಿಂದ ಬರುವಾಗಲೇ ಅದರಲ್ಲಿ ಏನೋ ಹುಳುಕಿದೆ ಅನ್ನಿಸಿತು. ಕೆಡಿಸಬೇಕು ಅಂತ ನಾನು ಮಾಡಿರಲಿಲ್ಲ, ದೇವರಾಣೆ. ಆದರೆ ಅಣ್ಣ ನೆಟ್ಟಗೆ ನಿಲ್ಲಬಹುದು ಅನ್ನುವುದು ನನ್ನ ತಲೆಗೇ ಹೊಳೆಯಲಿಲ್ಲ. ಯಾರೋ ಗೊತ್ತಿಲ್ಲದವನಿಗೆ, ಕಲಿತು ಬಾ ಅಂದ ನಾನು, ನನ್ನ ಅಣ್ಣನಿಗೆ ಅಷ್ಟನ್ನೂ ಅನ್ನಲಿಲ್ಲ. ಇವನು ಸಾಯುವ ತನಕ ಹೀಗೇ ಬಗ್ಗಿರುತ್ತಾನೆ ಅಂತ ತೀರ್ಮಾನ ಮಾಡಿ ಕೋಲು ಕತ್ತರಿಸಿದ್ದೆ. ಏಳು ವರ್ಷ ಮಂದಿಯ ಹಿಡಿ ಕೆರೆದಾಗ ಬಾರದಷ್ಟು ಅಸಹ್ಯ ಅವತ್ತು ನನ್ನ ಮೇಲೆಯೇ ಬಂತು.

ಕೋನ ಮತ್ತೆ ಬಗ್ಗಿಸುತ್ತೇನೆ, ಉದ್ದಕ್ಕೆ ಒಳಗಿನಿಂದ ತುಂಡು ಸೇರಿಸುತ್ತೇನೆ, ಇನ್ನೊಂದು ಸಲ ನಿಂತುಕೋ, ಅಳತೆ ತೆಗೆಯುತ್ತೇನೆ ಅಂದೆ. ಟೇಪು ಎತ್ತಿಕೊಂಡು ಅವನ ಕಾಲ ಹತ್ತಿರ ಕೂತೇಬಿಟ್ಟೆ. ಅವನು ಎರಡು ಹೆಜ್ಜೆ ಹಿಂದೆ ಸರಿದ.

"ಬ್ಯಾಡ ಬಿಡು. ಕಂಪ್ನಿ ಸೆಟ್ಟಿಗೆ ಹೇಳಿದೀನಿ."

"ಬೆರಳಿಗೆ?"

"ಬೆರಳು ಹೆಂಗೋ ಆಯ್ತದೆ. ಇಷ್ಟು ವರ್ಷ ಆಗಿಲ್ವಾ?" ಅಂದು ಕಾರು ಹತ್ತಿದ. ನನ್ನ ಹೆಂಡತಿ ತಂದ ಕಾಫಿ ಲೋಟ ಅವಳ ಕೈಯಲ್ಲೇ ಉಳಿಯಿತು. ಆಮೇಲೆ ಸಂಕ್ರಾಂತಿಗೆ ಅವರ ಮನೆಯಿಂದ ಎಳ್ಳೂ ಬರಲಿಲ್ಲ.

ಅವನು ಬಿಟ್ಟುಹೋದ ಬ್ಯಾಗು ತಿಂಗಳುಗಟ್ಟಲೆ ಮೂಲೆಯಲ್ಲಿತ್ತು. ಅದರಿಂದ ಅವನ ಸೆಂಟಿನ ವಾಸನೆ ಬರುತ್ತಿತ್ತು, ಅದನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಬಿಡಿಸಿ ತಲೆಗಳನ್ನಾದರೂ ಬೇರೆಯವರಿಗೆ ಹಾಕೋಣ ಅಂತ ಒಂದು ಬೆಳಿಗ್ಗೆ ಏಳನೇ ನಂಬರಿನ ಕೋಲು ಹೊರಗೆಳೆದೆ. ಅದರ ತಲೆಯ ಮುಖದ ಗೀರುಗಳಲ್ಲಿ ಒಣಮಣ್ಣಿನ ಜೊತೆ ಆಯುಧಪೂಜೆಯ ಕುಂಕುಮ ಇನ್ನೂ ಕೂತಿತ್ತು. ಚಾಕು ಕೈಯಲ್ಲೇ ಇತ್ತು. ಆದರೂ ಹಿಡಿ ಸೀಳಲಿಲ್ಲ. ಮನೆಯ ಹಿಂದೆ ರಾಗಿ ಕೊಯ್ದು ಖಾಲಿಯಾಗಿದ್ದ ಪಕ್ಕದವರ ಹೊಲಕ್ಕೆ ಅದನ್ನು ಹಿಡಿದುಕೊಂಡು ಹೋದೆ. ಯಾರೂ ಇಲ್ಲವೆಂದು ನೋಡಿಕೊಂಡು, ಜೀವಮಾನದಲ್ಲಿ ಮೊದಲ ಸಲ ಹೊಡೆಯುವ ಹಾಗೆ ನಿಂತೆ.

ಕೋಲು ಕೂತಿತು. ಉದ್ದ ಸರಿಯಾಗಿತ್ತು. ತಲೆಯ ಅಡಿ ನೆಲಕ್ಕೆ ಹಲಗೆಯಂತೆ ಸಪಾಟಾಗಿ ಕೂತಿತು, ಮೂತಿಯೂ ಏಳಲಿಲ್ಲ, ಹಿಮ್ಮಡಿಯೂ ಏಳಲಿಲ್ಲ. ನನ್ನ ಸೊಂಟ ಬಗ್ಗಿತ್ತು, ಬೆನ್ನು ಗೂನಾಗಿತ್ತು, ಕೈಗಳು ಮೊಣಕಾಲಿನ ಹತ್ತಿರ ಇಳಿದಿದ್ದವು. ಅಣ್ಣನ ಅಳತೆ ಅಂದುಕೊಂಡು ತೆಗೆದದ್ದೆಲ್ಲ ನನ್ನ ಮೈಗೆ ಹೊಂದಿತ್ತು.

ಎಡಗೈಯಲ್ಲಿ ಮಾತ್ರ, ಉಂಗುರದ ಬೆರಳಿನ ಅಡಿಯಲ್ಲಿ, ಆ ಉಬ್ಬು ಒತ್ತುತ್ತಿತ್ತು. ಬೆರಳನ್ನು ಹೇಗೆ ಮಡಿಸಿದರೂ ಅದು ಅಲ್ಲಿ ಕೂರಲಿಲ್ಲ. ನನ್ನ ಬೆರಳು ಪೂರ್ತಿ ಇತ್ತು.